ಸೀರೆ ಮೇಲೆ ಸ್ವೆಟರ್, ಕಾಲಿಗೆ ಗಂಬೂಟು: ಕೊಡಗಿನಲ್ಲಿ ಕಾಲಕ್ಕೆ ತಕ್ಕಂತೆ ಉಡುವ ಬಗೆ

ಜೂನ್ ತಿಂಗಳ ಒಂದು ಬೆಳಿಗ್ಗೆ ಕುಶಾಲನಗರದಲ್ಲಿ ಬಸ್ ಹತ್ತಿದಾಗ ಎಳೆ ಬಿಸಿಲಿತ್ತು. ನಾನು ಉಟ್ಟಿದ್ದು ಗಂಜಿ ಹಾಕಿ ಇಸ್ತ್ರಿ ಮಾಡಿದ ತಿಳಿ ನೀಲಿ ಕಾಟನ್ ಸೀರೆ. ಗಿಡ್ಡ ತೋಳಿನ ಬ್ಲೌಸ್, ಕಾಲಿಗೆ ಚರ್ಮದ ಚಪ್ಪಲಿ. ಸುಂಟಿಕೊಪ್ಪ ದಾಟುವಾಗ ಮೋಡ ಕವಿಯಿತು. ಮಡಿಕೇರಿಯಲ್ಲಿ ಇಳಿದಾಗ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಅಲ್ಲಿಂದ ಕೆಲಸದ ಜಾಗಕ್ಕೆ ಹತ್ತು ನಿಮಿಷದ ಏರುದಾರಿ. ಅಷ್ಟರಲ್ಲಿ ಸೀರೆ ಮೊಣಕಾಲಿನವರೆಗೆ ನೆನೆದು ಕಾಲಿಗೆ ಸುತ್ತಿಕೊಂಡಿತು. ಬಲಗಾಲಿನ ಚಪ್ಪಲಿಯ ಅಟ್ಟೆ ಕಿತ್ತು ಬಂತು. ಚಳಿ ತಡೆಯದೆ ಬ್ಯಾಗಿನಿಂದ ಸ್ವೆಟರ್ ತೆಗೆದು ಹಾಕಿಕೊಂಡೆ. "ಸೀರೆ ಮೇಲೆ ಸ್ವೆಟರ್ ಚೆನ್ನಾಗಿ ಕಾಣಲ್ಲ, ತೆಗೆದು ಒಳಗೆ ಬನ್ನಿ" ಎಂದರು ಮೇಲಧಿಕಾರಿ. ತೆಗೆದೆ. ಸಂಜೆವರೆಗೆ ಒದ್ದೆ ಸೀರೆಯಲ್ಲಿ ನಡುಗುತ್ತ ಕೂತೆ. ಆಮೇಲೆ ಮೂರು ದಿನ ಜ್ವರ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಗಾದೆ ಇದೆ. ಬೇರೆ ಊರಿಗೆ ಅದು ಸರಿ ಇರಬಹುದು. ಇಲ್ಲಿ ನೆನೆಯುವವರು ನಾವು, ನೋಡುವವರು ಒಳಗೆ ಬೆಚ್ಚಗೆ ಇರುತ್ತಾರೆ. ಆ ಜ್ವರ ಬಿಟ್ಟ ಮೇಲೆ ನಾನು ಉಡುವ ರೀತಿಯನ್ನೇ ಬದಲಿಸಿದೆ. ಯಾವ ಕಟ್ಟಳೆ ಬಿಟ್ಟೆ, ಯಾವುದನ್ನು ಉಳಿಸಿಕೊಂಡೆ, ಬಟ್ಟೆಯನ್ನು ಹೇಗೆ ಆರಿಸುತ್ತೇನೆ ಅನ್ನುವುದನ್ನೆಲ್ಲ ಇಲ್ಲಿ ಹೇಳುತ್ತೇನೆ. ಹೊಸದಾಗಿ ಕೊಡಗಿಗೆ ಮದುವೆಯಾಗಿ ಬಂದವರು, ವರ್ಗವಾಗಿ ಬಂದವರು, ಇಲ್ಲೇ ಹುಟ್ಟಿಯೂ ಪ್ರತಿ ಮಳೆಗಾಲ ಬಟ್ಟೆಯ ಜೊತೆ ಗುದ್ದಾಡುವವರು, ಎಲ್ಲರಿಗೂ ಉಪಯೋಗವಾದೀತು.

ಮೊದಲು: ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ನೋಡಿ

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಭಾಗಮಂಡಲದ ಕಡೆ ಮಡಿಕೇರಿಗಿಂತಲೂ ಜಾಸ್ತಿ. ಒಂದೇ ಜಿಲ್ಲೆ, ಒಂದೇ ಬೆಳಿಗ್ಗೆ, ಬೇರೆ ಬೇರೆ ಹವೆ. ಹಾಗಾಗಿ ಕಿಟಕಿಯಾಚೆ ನೋಡಿ ಬಟ್ಟೆ ಆರಿಸಬೇಡಿ. ಹೋಗಿ ಇಳಿಯುವ ಜಾಗದ ಹವೆ ಯೋಚಿಸಿ ಆರಿಸಿ. ಕೆಳಗಿನಿಂದ ಮೇಲೆ ಹೋಗುವವರು ಬ್ಯಾಗಿನಲ್ಲಿ ಒಂದು ಪದರ ಜಾಸ್ತಿ ಇಟ್ಟುಕೊಳ್ಳಿ. ಮೇಲಿಂದ ಕೆಳಗೆ ಬರುವವರು ಕಳಚಿ ಬ್ಯಾಗಿಗೆ ಹಾಕಲು ಆಗುವಂಥದ್ದನ್ನು ಹಾಕಿಕೊಳ್ಳಿ.

ತಿಂಗಳ ಲೆಕ್ಕವೂ ಅಷ್ಟೇ. ಅಮೆರಿಕದಲ್ಲಿ ಒಂದು ಹಳೆ ಕಟ್ಟಳೆ ಇದೆ. ಸೆಪ್ಟೆಂಬರ್ ಮೊದಲ ಸೋಮವಾರ ಅವರ ಕಾರ್ಮಿಕರ ದಿನ. ಅದು ಕಳೆದ ಮೇಲೆ ಬಿಳಿ ಬಟ್ಟೆ ಹಾಕಬಾರದು ಅಂತ. ಅಲ್ಲಿ ಬೇಸಿಗೆ ಮುಗಿಯುವ ಹೊತ್ತು ಅದು. ನಮ್ಮಲ್ಲಿ ಸೆಪ್ಟೆಂಬರ್ ಕಳೆದ ಮೇಲೇ ಬಿಳಿ ಬಟ್ಟೆ ಹೊರಗೆ ತೆಗೆಯಲು ಧೈರ್ಯ ಬರುವುದು, ಅಲ್ವಾ? ಫ್ಯಾಷನ್ ಪುಟಗಳಲ್ಲಿ ಬರುವ ಋತುವಿನ ಬಣ್ಣಗಳೆಲ್ಲ ಹೆಚ್ಚಾಗಿ ಅಲ್ಲಿನ ಹವೆಗೆ ಹುಟ್ಟಿದವು. ನಮಗೆ ಜುಲೈಯಲ್ಲಿ ಉಣ್ಣೆ ಬೇಕು, ಜನವರಿ ಮಧ್ಯಾಹ್ನ ಹತ್ತಿ ಬೇಕು. ಚಳಿಗಾಲ ಬರಲಿ ಅಂತ ಸ್ವೆಟರನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಮಳೆಗಾಲ ಪೂರ್ತಿ ನಡುಗಬೇಕಾಗುತ್ತದೆ.

ಎರಡನೆಯದು: ಬೀರು ಖಾಲಿ ಮಾಡಿ, ಒಣಗುವ ಹೊತ್ತು ಅಳೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ನಾವೆಲ್ಲ ಬಟ್ಟೆಯನ್ನು ದಿನಬಳಕೆಗೆ, ಸಮಾರಂಭಕ್ಕೆ ಅಂತ ವಿಂಗಡಿಸುತ್ತೇವೆ. ಕೊಡಗಿನಲ್ಲಿ ಅದಕ್ಕಿಂತ ಮುಖ್ಯ, ಯಾವ ಬಟ್ಟೆ ಎಷ್ಟು ಹೊತ್ತಿನಲ್ಲಿ ಒಣಗುತ್ತದೆ ಅನ್ನುವುದು.

ಮೇ ತಿಂಗಳಲ್ಲೇ ಕೂತು ಪರೀಕ್ಷೆ ಮಾಡಿ. ರೇಷ್ಮೆಯನ್ನು ಬದಿಗಿಡಿ, ನೀರು ಬಿದ್ದರೆ ಅದರಲ್ಲಿ ಕಲೆ ನಿಲ್ಲುತ್ತದೆ. ಉಳಿದ ಸೀರೆ, ಕುರ್ತಾ, ಪ್ಯಾಂಟ್, ಲಂಗಗಳ ಒಂದು ಮೂಲೆಯನ್ನು ಅಂಗೈಯಷ್ಟು ನೆನೆಸಿ. ಹಿಂಡಿ ಮನೆಯೊಳಗೆ ನೆರಳಲ್ಲಿ ನೇತುಹಾಕಿ. ಗಂಟೆಗೊಮ್ಮೆ ಮುಟ್ಟಿ ನೋಡಿ. ನಾನು ಮಾಡಿದಾಗ ಜಾರ್ಜೆಟ್ ಸೀರೆ, ನೈಲಾನ್ ಬೆರೆತ ಪ್ಯಾಂಟು ಮೊದಲ ಒಂದೆರಡು ಗಂಟೆಯಲ್ಲೇ ಒಣಗಿದವು. ತೆಳು ಹತ್ತಿ ಕುರ್ತಾ ಮಧ್ಯಾಹ್ನ ದಾಟಿಸಿತು. ದಪ್ಪ ಜೀನ್ಸ್ ಮರುದಿನವೂ ತಣ್ಣಗಿತ್ತು. ಅತಿ ಕೆಟ್ಟದ್ದು ಯಾವುದು ಗೊತ್ತಾ? ಹತ್ತಿಯ ಒಳಲಂಗದ ಲಾಡಿ ಕಟ್ಟುವ ಪಟ್ಟಿ. ಅಲ್ಲಿ ಬಟ್ಟೆ ಮೂರು ನಾಲ್ಕು ಪದರ ಇರುತ್ತದೆ. ಸೊಂಟಕ್ಕೆ ತಾಗಿಕೊಂಡೇ ಇರುವುದರಿಂದ ತುರಿಕೆ ಶುರುವಾಗುವುದೂ ಅಲ್ಲೇ. ಮಳೆಗಾಲಕ್ಕೆ ಎಲಾಸ್ಟಿಕ್ ಇರುವ ತೆಳು ಲಂಗ ಎರಡು ಮೂರು ಹೊಲಿಸಿಟ್ಟುಕೊಳ್ಳಿ. ಲಾಡಿಯ ಲಂಗದ ಮೇಲೇ ಸೀರೆ ನಿಲ್ಲುವುದು ಎಂದು ಹೇಳುವವರಿದ್ದಾರೆ. ಅಗಲ ಎಲಾಸ್ಟಿಕ್ ಹಾಕಿಸಿ, ಚೆನ್ನಾಗಿಯೇ ನಿಲ್ಲುತ್ತದೆ.

ಕಾರಣ ಸರಳ. ಪಾಲಿಯೆಸ್ಟರ್ ನೂಲು ಗಾಳಿಯಿಂದ ತನ್ನ ತೂಕದ ಶೇ. 1ರಷ್ಟು ತೇವವನ್ನೂ ಹೀರುವುದಿಲ್ಲ. ಹತ್ತಿ ಶೇ. 8ರ ಹತ್ತಿರ ಹೀರುತ್ತದೆ, ಉಣ್ಣೆ ಶೇ. 16ರ ಹತ್ತಿರ. ಆದರೆ ಉಣ್ಣೆಗೆ ಒಂದು ಒಳ್ಳೆ ಗುಣ ಇದೆ. ತನ್ನ ತೂಕದ ಶೇ. 30ರಷ್ಟು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ, ಮೈ ಬೆಚ್ಚಗೇ ಇರುತ್ತದೆ. ಹತ್ತಿ ನೆನೆದರೆ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಅದಕ್ಕೇ "ಸಿಂಥೆಟಿಕ್ ಅಗ್ಗದ್ದು, ಮರ್ಯಾದಸ್ಥರು ಕಾಟನ್ನೇ ಉಡಬೇಕು" ಅನ್ನುವ ಮಾತನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ಮೈಗೆ ತಾಗುವುದು ತೆಳು, ಬೇಗ ಒಣಗುವ ಬಟ್ಟೆ. ನಡುವೆ ಉಣ್ಣೆ. ಮೇಲೆ ನೀರು ಒಳಗೆ ಬಿಡದ ಕೋಟು. ಈ ಮೂರು ಪದರ ಸರಿಯಾಗಿದ್ದರೆ ಅದರೊಳಗೆ ಸೀರೆಯೋ ಚೂಡಿದಾರವೋ ನಿಮಗೆ ಬಿಟ್ಟದ್ದು.

ಪರೀಕ್ಷೆ ಮುಗಿದ ಮೇಲೆ ಬೇಗ ಒಣಗುವುದನ್ನೆಲ್ಲ ಕೈಗೆ ಸಿಗುವ ಖಾನೆಯಲ್ಲಿ ಇಡಿ. ತಡವಾಗಿ ಒಣಗುವುದನ್ನು ಅಕ್ಟೋಬರ್‌ವರೆಗೆ ಮೇಲೆ ಇಡಿ.

ಮೂರನೆಯದು: ಕಾಲಿನಿಂದ ಶುರು ಮಾಡಿ

ಬೇರೆ ಕಡೆ ಸೀರೆ ಆರಿಸಿ, ಆಮೇಲೆ ಅದಕ್ಕೆ ಹೊಂದುವ ಚಪ್ಪಲಿ ಹುಡುಕುತ್ತಾರೆ. ಇಲ್ಲಿ ಉಲ್ಟಾ ಮಾಡಬೇಕು. ಕಾಲು ಒಣಗಿದ್ದರೆ ಅರ್ಧ ಮಳೆಗಾಲ ಗೆದ್ದಂತೆ.

ಸೀರೆಯ ಕೆಳಗೆ ಗಂಬೂಟು ಹಾಕಿಕೊಳ್ಳಿ. ಹೌದು, ಸೀರೆಯ ಕೆಳಗೇ. ನಮ್ಮ ದೊಡ್ಡಮ್ಮ ನಾಪೋಕ್ಲು ಕಡೆಯ ತೋಟದಲ್ಲಿ ಮೂವತ್ತು ನಲವತ್ತು ವರ್ಷದಿಂದ ಹೀಗೇ ಓಡಾಡುತ್ತಾರೆ. ಪಾದದಿಂದ ಒಂದು ಗೇಣು ಮೇಲಕ್ಕೆ ಕಟ್ಟಿದ ಹಳೆ ವಾಯಿಲ್ ಸೀರೆ, ಅದರ ಮೇಲೆ ದೊಡ್ಡಪ್ಪನ ತುಂಬು ತೋಳಿನ ಹಳೆ ಶರ್ಟು, ತಲೆಗೆ ಬಿಗಿಯಾಗಿ ಕಟ್ಟಿದ ವಸ್ತ್ರ, ಕಾಲಿಗೆ ಕರಿ ಗಂಬೂಟು. ಕೈಬಳೆಯಲ್ಲಿ ಯಾವಾಗಲೂ ಮೂರು ನಾಲ್ಕು ಪಿನ್ನು ನೇತಾಡುತ್ತಿರುತ್ತವೆ. ಗಾಳಿ ಎದ್ದಾಗ ಒಂದನ್ನು ಬಿಚ್ಚಿ, ನೋಡದೆಯೇ, ಸೆರಗನ್ನು ಶರ್ಟಿಗೆ ಸಿಕ್ಕಿಸಿಬಿಡುತ್ತಾರೆ. ಪೇಟೆಯವರ ಯಾವ ನಿಯಮವೂ ಆ ಉಡುಪಿನಲ್ಲಿ ಇಲ್ಲ. ನನ್ನ ಕಣ್ಣಿಗೆ ಅದರಷ್ಟು ಚೆಂದದ ಉಡುಪೂ ಇಲ್ಲ.

ಪೇಟೆಗೆ ಹೋಗುವವರಿಗೆ ಮಂಡಿವರೆಗಿನ ಬೂಟು ಬೇಡ, ಕಣಕಾಲಿನವರೆಗೆ ಬರುವ ರಬ್ಬರ್ ಬೂಟು ಸಾಕು. ಒಂದು ಅಳತೆ ದೊಡ್ಡದು ಕೊಳ್ಳಿ, ದಪ್ಪ ಸಾಕ್ಸ್ ಹಾಕಬೇಕಲ್ಲ. ಸೀರೆಯನ್ನು ಎಂದಿಗಿಂತ ಮೂರು ನಾಲ್ಕು ಬೆರಳು ಮೇಲೆ ಉಡಿ. "ಸೀರೆ ನೆಲ ಮುಟ್ಟಬೇಕು, ಪಾದ ಕಾಣಬಾರದು" ಅನ್ನುವುದು ಗುಡಿಸಿ ಒರೆಸಿದ ಸಭಾಂಗಣದ ಮಾತು. ನಮ್ಮ ಕೆಂಪು ಕೆಸರು ಅಂಚಿಗೆ ಹತ್ತಿದರೆ ಮೂರು ಒಗೆತಕ್ಕೂ ಹೋಗುವುದಿಲ್ಲ. ಫಾಲ್ ಹಾಕಿಸುವಾಗ ಮಳೆಗಾಲದ ಸೀರೆಗೆ ಪಾಲಿಯೆಸ್ಟರ್ ಫಾಲ್ ಕೇಳಿ. ಹತ್ತಿಯ ಫಾಲ್ ನೀರು ಹಿಡಿದು ಭಾರವಾಗುತ್ತದೆ. ಮೊದಲೇ ನೆನೆಸಿ ಒಣಗಿಸದಿದ್ದರೆ ಮುದುರಿ ಅಂಚನ್ನೂ ಎಳೆಯುತ್ತದೆ.

ಕೆಲಸದ ಜಾಗದಲ್ಲಿ ಒಂದು ಜೊತೆ ಒಣ ಚಪ್ಪಲಿ ಇಟ್ಟುಬಿಡಿ. ಚರ್ಮದ್ದನ್ನೆಲ್ಲ ಜೂನ್ ಬರುವ ಮೊದಲೇ ಒರೆಸಿ, ಹಳೆ ಪೇಪರ್ ತುರುಕಿ, ಅಟ್ಟ ಸೇರಿಸಿ. ಮಳೆಗಾಲದಲ್ಲಿ ಒಂದು ವಾರ ಮುಟ್ಟದೆ ಬಿಟ್ಟರೆ ಚರ್ಮದ ಮೇಲೆ ಹಸಿರು ಬೂಷ್ಟು ಬರುತ್ತದೆ.

ತೋಟಕ್ಕೆ, ಗದ್ದೆಗೆ ಹೋಗುವವರು ಸೀರೆಯ ಒಳಗೆ ಲೆಗ್ಗಿಂಗ್ಸ್ ಹಾಕಿ, ಅದರ ಮೇಲೆ ಬಿಗಿ ಸಾಕ್ಸ್ ಎಳೆದುಕೊಳ್ಳಿ. ಜಿಗಣೆಗೆ ದಾರಿ ಸಿಗಬಾರದು. ಸಾಕ್ಸಿನ ಮೇಲ್ಭಾಗಕ್ಕೆ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ಉಜ್ಜುವುದು ಹಳೆ ಉಪಾಯ, ಇವತ್ತಿಗೂ ಅದೇ ನಡೆಯುತ್ತದೆ.

ನಾಲ್ಕನೆಯದು: ಬಣ್ಣದ ಕಟ್ಟಳೆಗಳನ್ನು ಒಂದೊಂದಾಗಿ ಬಿಡಿ

ವಯಸ್ಸಾದವರು ಗಾಢ ಬಣ್ಣ ಉಡಬಾರದು ಅನ್ನುವುದನ್ನು ನಾನು ಮೊದಲು ಬಿಟ್ಟೆ. ಅದಕ್ಕೆ ಕಾರಣ ರಸ್ತೆ. ಆಗಸ್ಟ್ ತಿಂಗಳ ಮಂಜಿನಲ್ಲಿ ಮಡಿಕೇರಿಯ ತಿರುವುಗಳಲ್ಲಿ ಬೂದು ಸೀರೆ, ಕರಿ ಕೊಡೆ ಹಿಡಿದು ನಡೆದರೆ ಎದುರಿನ ಗಾಡಿಯವನಿಗೆ ನೀವು ಕಾಣುವುದೇ ಇಲ್ಲ. ನಿಮ್ಮ ಅಮ್ಮನಿಗೆ, ಅತ್ತೆಗೆ ಒಂದು ಹಳದಿ ಅಥವಾ ಕಿತ್ತಳೆ ಬಣ್ಣದ ಮಳೆಕೋಟು ತಂದುಕೊಡಿ. "ಈ ವಯಸ್ಸಿಗೆ ಇದೆಲ್ಲ ಯಾಕೆ" ಅನ್ನುತ್ತಾರೆ. ಮಂಜಿನಲ್ಲಿ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ, ಮೊದಲು ಕರಿ ಕೊಡೆ, ಆಮೇಲೆ ಹಳದಿ ಕೋಟು ತೋರಿಸಿ. ಮತ್ತೆ ಹೇಳಿಕೊಡುವುದು ಬೇಕಾಗುವುದಿಲ್ಲ.

ಶುಭ ಕಾರ್ಯಕ್ಕೆ ಕರಿ ಬಣ್ಣ ಬೇಡ ಅನ್ನುತ್ತಾರೆ. ಕೊಡವರ ಮದುವೆಗೆ ಗಂಡಸರು ಕರಿ ಕುಪ್ಯ ಅನ್ನುವ ಉದ್ದ ಅಂಗಿ ತೊಟ್ಟು, ಸೊಂಟಕ್ಕೆ ರೇಷ್ಮೆಯ ಚೇಲೆ ಕಟ್ಟಿ, ಪೀಚೆಕತ್ತಿ ಸಿಕ್ಕಿಸಿ ಬರುತ್ತಾರೆ. ಅದು ಅವರ ಶುಭದ ಉಡುಪು. ಗಂಡಸರಿಗೆ ಶುಭವಾದ ಬಣ್ಣ ಹೆಂಗಸರಿಗೆ ಯಾಕೆ ಅಶುಭ ಆಗಬೇಕು? ನಾನು ಕರಿ ಮೈಸೂರು ಸಿಲ್ಕ್ ಉಟ್ಟು ಮದುವೆಗೆ ಹೋಗಿದ್ದೇನೆ. ಚಿನ್ನ ಅದರ ಮೇಲೆ ಕಾಣುವಷ್ಟು ಚೆಂದ ಬೇರೆ ಯಾವುದರ ಮೇಲೂ ಕಾಣುವುದಿಲ್ಲ.

ಎಲ್ಲ ಕಟ್ಟಳೆಯನ್ನೂ ಮುರಿಯಬೇಕು ಅಂತ ನನಗಿಲ್ಲ. ಸಾವಿನ ಮನೆಗೆ ಬಿಳಿ ಉಡುವ ರೂಢಿ ಇಲ್ಲಿದೆ. ಅದು ದುಃಖದಲ್ಲಿರುವವರ ಜೊತೆ ನಿಲ್ಲುವ ಬಗೆ. ಮಳೆ ಇರಲಿ, ಕೆಸರಿರಲಿ, ಅದನ್ನು ನಾನು ಪಾಲಿಸುತ್ತೇನೆ. ಅದಕ್ಕಾಗಿಯೇ ಬೇಗ ಒಣಗುವ ಒಂದು ಬಿಳಿ ಸೀರೆ, ಬಿಳಿ ಬ್ಲೌಸ್, ಒಂದು ಬಿಳಿ ಶಾಲು ಒಟ್ಟಿಗೆ ಮಡಿಚಿ ಇಟ್ಟಿರುತ್ತೇನೆ. ಅಂಥ ದಿನ ಹುಡುಕಾಡಲು ಮನಸ್ಸಿರುವುದಿಲ್ಲ.

ಸೀರೆಗೆ ಅದೇ ಬಣ್ಣದ ಬ್ಲೌಸ್, ಚಿನ್ನದ ಜೊತೆ ಬೆಳ್ಳಿ ಹಾಕಬಾರದು, ಕುಳ್ಳಗಿರುವವರಿಗೆ ದೊಡ್ಡ ಹೂವು ಬೇಡ, ಇವುಗಳ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಇಷ್ಟವಿದ್ದರೆ ಪಾಲಿಸಿ, ಇಲ್ಲದಿದ್ದರೆ ಬಿಡಿ. ಅದರಿಂದ ಯಾರಿಗೂ ಜ್ವರ ಬರುವುದಿಲ್ಲ. ಇನ್ನೊಂದು ಮಾತ್ರ ನೆನಪಿಡಿ. ಆಗಸ್ಟ್ 3ರ ಹೊತ್ತಿಗೆ ಬರುವ ಕೊಡವರ ಕಕ್ಕಡ ತಿಂಗಳ 18, ಅಂದರೆ ಆಟಿ 18ರ ದಿನ ಮದ್ದುಸೊಪ್ಪಿನ ಪಾಯಸ ಮಾಡುವಾಗ ತಿಳಿ ಬಣ್ಣ ಬೇಡವೇ ಬೇಡ. ಆ ನೇರಳೆ ರಸದ ಕಲೆ ಬಿಡಿಸುವುದು ಬಹಳ ಕಷ್ಟ.

ಐದನೆಯದು: ಕೊಡಗಿನ ಸೀರೆಯನ್ನೇ ಚಳಿಗೆ ಒಗ್ಗಿಸಿಕೊಳ್ಳಿ

ನೆರಿಗೆ ಹಿಂದೆ ಇಡುವ ಕೊಡಗಿನ ಸೀರೆಯ ಬಗ್ಗೆ ಕಾವೇರಿಯ ಕಥೆ ನಿಮಗೆ ಗೊತ್ತೇ ಇದೆ. ಹೊಳೆಯಾಗಿ ಹರಿದ ಕಾವೇರಿಯ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತು ಅಂತ. ಆ ಕಥೆಯ ಜೊತೆ ಉಡುವವರ ಅನುಭವವನ್ನೂ ಸೇರಿಸಿ ನೋಡಿ. ಮುಂದೆ ನೆರಿಗೆ ಇಲ್ಲದಿದ್ದರೆ ಏರು ಹತ್ತುವಾಗ ಕಾಲಿಗೆ ಬಟ್ಟೆ ಸಿಕ್ಕುವುದಿಲ್ಲ, ಹೆಜ್ಜೆ ಇಡುವ ಜಾಗ ಕಾಣುತ್ತದೆ. ಸೆರಗು ಎಡ ತೋಳಿನ ಕೆಳಗಿನಿಂದ ಬಂದು ಬಲ ಹೆಗಲಿನ ಮೇಲೆ ಪಿನ್ನಿಗೆ ಸೇರುತ್ತದೆ. ಗಾಳಿಗೆ ಹಾರುವುದಿಲ್ಲ, ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಹಳಬರ ಬ್ಲೌಸಿಗೆ ತುಂಬು ತೋಳು. ತಲೆಗೆ ವಸ್ತ್ರ. ಬೇರೆ ಕಡೆಯ ರೀತಿ ಬಿಟ್ಟು ಈ ಮಣ್ಣಿಗೆ ಬೇಕಾದ ಹಾಗೆ ಉಟ್ಟವರು ನಮ್ಮ ಅಜ್ಜಿಯರೇ. ನಾವು ಹೊಸದಾಗಿ ಏನನ್ನೂ ಮುರಿಯುತ್ತಿಲ್ಲ.

ಆದ್ದರಿಂದ ಚಳಿಗೆ ಬ್ಲೌಸ್ ಹೊಲಿಸುವಾಗ ಟೈಲರ್ ಹತ್ತಿರ ಹೀಗೆ ಹೇಳಿ. ಒಳಗೆ ತೆಳು ಥರ್ಮಲ್ ಬನಿಯನ್ ಹಾಕಿಕೊಂಡೇ ಹೋಗಿ, ಅದರ ಮೇಲೆ ಅಳತೆ ಕೊಡಿ. ತೋಳು ಮಣಿಕಟ್ಟಿನವರೆಗೆ ಬರಲಿ, ಕಂಕುಳಲ್ಲಿ ಅರ್ಧ ಇಂಚು ಸಡಿಲ ಇರಲಿ. ಇಲ್ಲದಿದ್ದರೆ ಕೈ ಎತ್ತಿದಾಗ ಹೊಲಿಗೆ ಬಿಡುತ್ತದೆ. ಹತ್ತಿಯ ಲೈನಿಂಗ್ ಇದ್ದರೆ ಒಳ್ಳೆಯದು. ಬೆನ್ನು ಆಳವಾಗಿ ಕತ್ತರಿಸುವ ಈಗಿನ ವಿನ್ಯಾಸಗಳು ಏಪ್ರಿಲ್‌ ಮದುವೆಗೆ ಇರಲಿ.

ಬ್ಲೌಸೇ ಬೇಡ ಅನ್ನುವವರಿಗೆ ಇನ್ನೂ ಸುಲಭದ ದಾರಿ ಇದೆ. ಕುತ್ತಿಗೆ ಮುಚ್ಚುವ ಹೈ ನೆಕ್ ಸ್ವೆಟರನ್ನೇ ಬ್ಲೌಸಿನ ಬದಲು ಹಾಕಿ, ಅದರ ಮೇಲೆ ಸೀರೆ ಉಡಿ. ದಪ್ಪ ಹೆಣಿಗೆಯದ್ದು ಬೇಡ, ತೆಳುವಾಗಿ ಮೈಗೆ ಕೂರುವಂಥದ್ದು ಇರಲಿ. ಸೀರೆ ಸೊಂಟದಲ್ಲಿ ಜಾರದಂತೆ ಸ್ವೆಟರಿನ ಅಂಚನ್ನು ಲಂಗದ ಒಳಗೆ ಸೇರಿಸಿ. ಕಪ್ಪು ಅಥವಾ ಕಡುಗೆಂಪು ಹೈ ನೆಕ್ ಮೇಲೆ ಕೊಡಗಿನ ಹಾರ ಕೊಕ್ಕೆತಾತಿಯ ಅರ್ಧಚಂದ್ರ ಪದಕ ಎದ್ದು ಕಾಣುತ್ತದೆ. ಜೋಮಾಲೆ ಇದ್ದರೆ ಒಂದು ಎಚ್ಚರ: ಅದರ ಚಿನ್ನದ ಮಣಿಗಳ ಒಳಗೆ ಅರಗು ತುಂಬಿರುತ್ತದೆ. ಮಳೆಯಲ್ಲಿ ನೆನೆಸಬೇಡಿ. ಬಿಸಿನೀರಿನಲ್ಲಿ ತೊಳೆಯಲೇಬೇಡಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸ್ವೆಟರ್ ಮೇಲೆ ಹಾಕುವುದಾದರೆ ಮುಂದೆ ಗುಂಡಿ ಇರುವ, ಸೊಂಟದವರೆಗೆ ಮಾತ್ರ ಬರುವ ಗಿಡ್ಡ ಕಾರ್ಡಿಗನ್ ಆರಿಸಿ. ಉದ್ದದ್ದು ಹಾಕಿದರೆ ಸೀರೆಯೂ ಕಾಣುವುದಿಲ್ಲ, ಮೈಯ ಆಕಾರವೂ ಇರುವುದಿಲ್ಲ. ಕೊಡಗಿನ ಸೀರೆಗಾದರೆ ಇನ್ನೊಂದು ಅನುಕೂಲ ಇದೆ. ಪಿನ್ನು ಬಲ ಹೆಗಲಲ್ಲಿ ಇರುವುದರಿಂದ ಸೆರಗು ಕಾರ್ಡಿಗನ್ ಒಳಗೆ ಮುದುರುವುದಿಲ್ಲ. ಪದರದ ಪಾಠ ಕಲಿಯಬೇಕಾದರೆ ಕುಶಾಲನಗರದ ಆಚೆ ಬೈಲಕುಪ್ಪೆಯ ಟಿಬೆಟನ್ ಹೆಂಗಸರನ್ನು ನೋಡಿ. ಮೇಲೆ ತೋಳಿಲ್ಲದ ಉದ್ದ ಚುಬಾ, ಒಳಗೆ ತೋಳಿನ ಬ್ಲೌಸ್. ಚಳಿ ಹೆಚ್ಚಾದರೆ ಮೇಲೊಂದು ಹೆಣೆದ ಅಂಗಿ. ಬಿಸಿಲು ಬಂದರೆ ಮೇಲಿನದನ್ನು ತೆಗೆದರೆ ಆಯಿತು, ಉಳಿದದ್ದು ಹಾಗೇ ಚೆಂದ.

ಹಬ್ಬದ ರಾತ್ರಿಗಳಿಗೆ

ಇಲ್ಲಿನ ಹಬ್ಬಗಳು ಹೊರಗೆ ನಡೆಯುತ್ತವೆ, ಅದೂ ರಾತ್ರಿ ಹೊತ್ತು. ಮಡಿಕೇರಿ ದಸರೆಯಲ್ಲಿ ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪ ಮೆರವಣಿಗೆ ನೋಡಲು ಬೆಳಗಾಗುವವರೆಗೆ ನಿಲ್ಲಬೇಕು. ಅದಕ್ಕೆ ಹೊಸ ರೇಷ್ಮೆ ಉಟ್ಟು ಹೋಗಿ ಜನಜಂಗುಳಿಯಲ್ಲಿ ಸಂಕಟಪಡಬೇಡಿ. ಪ್ಯಾಂಟು, ಉದ್ದ ಕುರ್ತಾ, ಸ್ವೆಟರ್, ನಡೆಯಲು ಬರುವ ಶೂ, ಇಷ್ಟು ಸಾಕು. ಹಬ್ಬದ ಕಳೆ ಬೇಕಾದರೆ ಕಿವಿಗೆ ದೊಡ್ಡ ಜುಮುಕಿ ಹಾಕಿ, ಜರಿಯ ದುಪಟ್ಟಾ ಹೊದೆಯಿರಿ. ಅಕ್ಟೋಬರ್ 17ರ ಹೊತ್ತಿಗೆ ತಲಕಾವೇರಿಯ ತೀರ್ಥೋದ್ಭವಕ್ಕೆ ಹೋಗುವವರು ನೆನಪಿಡಿ, ಅದು 1,276 ಮೀಟರ್ ಎತ್ತರ. ಮೋಡ ಮೈಮೇಲೇ ಹಾದುಹೋಗುತ್ತದೆ. ಸ್ನಾನ ಮಾಡುವವರಿಗೆ ಒಳಗಿನಿಂದ ಹೊರಗಿನವರೆಗೆ ಒಂದು ಪೂರ್ತಿ ಒಣ ಜೊತೆ ಬೇಕು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಒಯ್ಯಿರಿ.

ಸುಗ್ಗಿಯ ಹಬ್ಬ ಹುತ್ತರಿಗೆ ಮಾತ್ರ ರೇಷ್ಮೆ ಉಡಿ. ಉಡಲೇಬೇಕು ಅನಿಸುವ ರಾತ್ರಿ ಅದು. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನ ಬೆಳದಿಂಗಳು. ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. "ಪೊಲಿ ಪೊಲಿ ದೇವಾ" ಎಂದು ಕೂಗಿ ಕದಿರು ತೆಗೆಯುವ ಹೊತ್ತಿಗೆ ಪೈರಿನ ಮೇಲಿನ ಇಬ್ಬನಿ ಸೀರೆಯ ಅಂಚನ್ನು ನೆನೆಸಿರುತ್ತದೆ. ನಾನು ಮಾಡುವುದು ಹೀಗೆ: ಹಗುರವಾದ ಕ್ರೇಪ್ ರೇಷ್ಮೆ, ಕೊಡಗಿನ ರೀತಿಯಲ್ಲಿ, ನಾಲ್ಕು ಬೆರಳು ಮೇಲೆ. ಒಳಗೆ ಥರ್ಮಲ್ ಲೆಗ್ಗಿಂಗ್ಸ್. ಮೇಲೆ ಉಣ್ಣೆಯ ಶಾಲು, ಅದಕ್ಕೂ ಒಂದು ಪಿನ್ನು. ದಪ್ಪ ಜರಿಯ ಭಾರದ ಸೀರೆಯನ್ನು ಗದ್ದೆಗೆ ಒಯ್ಯುವುದಿಲ್ಲ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಮನೆಗೆ ಬಂದ ತಕ್ಷಣ ನೆನೆದ ಅಂಚನ್ನು ಒಣ ಟವಲಿನಲ್ಲಿ ಒತ್ತಿ, ನೆರಳಲ್ಲಿ ಹರವುತ್ತೇನೆ. ಉಜ್ಜುವುದಿಲ್ಲ. ಉಜ್ಜಿದರೆ ರೇಷ್ಮೆಯ ಎಳೆ ಏಳುತ್ತದೆ.

ಕಾಫಿ ಕೊಯ್ಲಿನ ದಿನಗಳು, ಆಮೇಲೆ ಬೇಸಿಗೆ

ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಹಲ್ಲು ಕಟಕಟ, ಮಧ್ಯಾಹ್ನ ಒಂದಕ್ಕೆ ಬೆವರು. ಗಿಡದ ಇಬ್ಬನಿ ಎದೆಯವರೆಗೆ ನೆನೆಸುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲ ಚೆನ್ನಾಗಿ ತೊಳೆದು ಸೊಂಟಕ್ಕೆ ಕಟ್ಟಿಕೊಂಡರೆ ಆಯಿತು. ಮೇಲೆ ಗಂಡಸರ ತುಂಬು ತೋಳಿನ ಶರ್ಟು. ಕೆಂಜಿಗದ, ಅಂದರೆ ಕಚ್ಚುವ ಕೆಂಪಿರುವೆಯ, ಗೂಡು ತಾಗಿದವರಿಗೆ ಗೊತ್ತು, ಆ ಶರ್ಟಿನ ಕಾಲರಿಗೂ ಮಣಿಕಟ್ಟಿನ ಗುಂಡಿಗೂ ಎಷ್ಟು ಬೆಲೆ ಅಂತ.

ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಆದಾಗ ಬಿಳಿ ಬಟ್ಟೆಗಳನ್ನು ಮನಸಾರೆ ಹಾಕಿ. ವರ್ಷದಲ್ಲಿ ನಮಗೆ ಬಿಳಿಗೆ ಸಿಗುವ ಒಳ್ಳೆ ದಿನಗಳು ಅವು. ತೆಳು ಕೈಮಗ್ಗದ ಹತ್ತಿ, ಉಡುಪಿ ಸೀರೆಯಂಥ ಹಗುರದ್ದು, ಗಂಜಿ ಹಾಕಿ ಉಡಲು ಇದೇ ಕಾಲ. ಸಂಜೆಗೆ ಒಂದು ತೆಳು ಶಾಲು ಮಾತ್ರ ಮರೆಯಬೇಡಿ. ಬೇಸಿಗೆಯಲ್ಲೂ ಇಲ್ಲಿ ರಾತ್ರಿ ತಂಪು.

ಕೊನೆಯ ಕೆಲಸ: ಬಟ್ಟೆ ಉಳಿಸಿಕೊಳ್ಳುವುದು

ಇದರಲ್ಲಿ ನನಗೆ ಆದಷ್ಟು ನಷ್ಟ ಬೇರೆ ಯಾವುದರಲ್ಲೂ ಆಗಿಲ್ಲ. ಅಮ್ಮ ಕೊಟ್ಟ ಒಂದು ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಳಗೆ ನಾಲ್ಕು ನುಸಿ ಗುಳಿಗೆ ಇಟ್ಟು, ಮಳೆಗಾಲ ಕಳೆದ ಮೇಲೆ ತೆಗೆದೆ. ಜರಿ ಕಪ್ಪಾಗಿತ್ತು. ಮಡಿಕೆಯ ಗೆರೆ ಗೆರೆಯಲ್ಲೂ ಚುಕ್ಕಿ ಚುಕ್ಕಿ ಬೂಷ್ಟು. ಒಳ್ಳೆ ಜರಿಯಲ್ಲಿ ಬೆಳ್ಳಿ ಇರುತ್ತದೆ, ತೇವಕ್ಕೆ ಅದು ಬಣ್ಣ ಕೆಡುತ್ತದೆ. ಪ್ಲಾಸ್ಟಿಕ್ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಈಗ ರೇಷ್ಮೆಯನ್ನೆಲ್ಲ ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ ಇಡುತ್ತೇನೆ. ಗುಳಿಗೆ ಜರಿಗೆ ತಾಗಬಾರದು. ಅದರ ಬದಲು ಸಣ್ಣ ಬಟ್ಟೆ ಚೀಲದಲ್ಲಿ ಲವಂಗ, ಒಣ ಬೇವಿನೆಲೆ, ಲಾವಂಚದ ಬೇರು ಹಾಕಿ ಇಡಬಹುದು. ತಿಂಗಳಿಗೊಮ್ಮೆಯಾದರೂ ಹೊರಗೆ ತೆಗೆದು ಮಡಿಕೆ ಬದಲಿಸಿ.

ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದು, ಕೆಳಗೆ ಮರದ ತುಂಡು ಕೊಟ್ಟು ನಿಲ್ಲಿಸಿ. ಜುಲೈಯಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ. ಮಳೆಗಾಲದಲ್ಲಿ ಯಾವ ಬಟ್ಟೆಗೂ ಗಂಜಿ ಹಾಕಬೇಡಿ. ಗಂಜಿ ಅಂದರೆ ಅನ್ನವೇ ಅಲ್ವಾ, ಬೂಷ್ಟಿಗೂ ಹುಳಕ್ಕೂ ಅದೇ ಊಟ. ಬಚ್ಚಲಿನ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವವರು ಒಳಉಡುಪು, ಸಾಕ್ಸ್, ಮಕ್ಕಳ ಬಟ್ಟೆಗೆ ಮಾತ್ರ ಆ ಜಾಗ ಇಡಿ. ಸೀರೆಗೆ ಹೊಗೆ ವಾಸನೆ ಹಿಡಿದರೆ ಒಗೆದರೂ ಬಿಡುವುದಿಲ್ಲ. ಒಣಗಿದಂತೆ ಕಂಡ ಬಟ್ಟೆಗೂ ಒಮ್ಮೆ ಇಸ್ತ್ರಿ ಹಾಕಿ, ಆ ಬಿಸಿಗೆ ಉಳಿದ ತೇವ ಹೋಗುತ್ತದೆ. ಇಸ್ತ್ರಿಯ ಬಿಸಿ ಆರಿದ ಮೇಲೇ ಬೀರುವಿಗೆ ಇಡಬೇಕು. ಉಣ್ಣೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಶಾಂಪೂ ಹಾಕಿ ಒಗೆಯಿರಿ. ಹಿಂಡದೆ, ಟವಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆಲದ ಮೇಲೆ ಹರಡಿ ಒಣಗಿಸಿ. ನೇತುಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ.

ಮಳೆಕೋಟು ಕೊಳ್ಳುವಾಗ ಒಳಗೆ ಮಗುಚಿ ಹೊಲಿಗೆ ನೋಡಿ. ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದರೆ ಮಾತ್ರ ನೀರು ತಡೆಯುತ್ತದೆ. ಸೀರೆಯವರಿಗೆ ಪ್ಯಾಂಟು-ಅಂಗಿ ಸೆಟ್ಟಿನ ಮಳೆಕೋಟು ಆಗುವುದಿಲ್ಲ. ಮಂಡಿ ದಾಟುವ ಉದ್ದ ಕೋಟು ಅಥವಾ ತಲೆಯಿಂದ ಇಳಿಬಿಡುವ ಕೊಪ್ಪೆಯಂಥದ್ದು ಬೇಕು. ಗದ್ದೆ ನಾಟಿಗೆ ಕಂಬಳಿ ಕೊಪ್ಪೆ, ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿದವರ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಬೆನ್ನು ಬಗ್ಗಿಸಿದಾಗ ನೀರು ಒಳಗೆ ಬರಬಾರದು, ಕೈ ಆಡುವಂತಿರಬೇಕು. ಕೊಡೆ ಮಾತ್ರ ನಂಬಿಕೊಂಡರೆ ಇಲ್ಲಿನ ಗಾಳಿಗೆ ಅದು ಮಗುಚಿಕೊಳ್ಳುತ್ತದೆ.

ಮತ್ತೊಂದು ಚೀಲ ಬಾಗಿಲ ಹತ್ತಿರ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಮನೆಯವರು ಉಟ್ಟ ಬಟ್ಟೆಯಲ್ಲೇ ಹೊರಟು ಬರಬೇಕಾಯಿತು. ಒದ್ದೆಯಾದ ಸೀರೆಯಲ್ಲಿ, ಅಪರಿಚಿತರ ನಡುವೆ ಇರುವುದು ಹೆಂಗಸರಿಗೆ ಎಷ್ಟು ಕಷ್ಟ ಅನ್ನುವುದನ್ನು ಬರೆದು ತಿಳಿಸುವುದು ಬೇಡ. ಅಂದಿನಿಂದ ನಮ್ಮ ಮನೆಯಲ್ಲಿ ಜೂನ್ ಒಂದಕ್ಕೆ ಆ ಚೀಲ ಸಿದ್ಧವಾಗುತ್ತದೆ. ತಲೆಗೊಂದು ಜೊತೆ ಬೇಗ ಒಣಗುವ ಬಟ್ಟೆ, ಒಳಉಡುಪು, ಸ್ವೆಟರ್, ಸಾಕ್ಸ್, ಮುಟ್ಟಿನ ಪ್ಯಾಡ್, ಪಿನ್ನು, ಒಂದು ದೊಡ್ಡ ಶಾಲು. ಶಾಲು ದೊಡ್ಡದೇ ಇರಲಿ, ಬಟ್ಟೆ ಬದಲಿಸುವಾಗ ಅದೇ ಪರದೆ.

ಆ ಚೀಲ ಕಟ್ಟುವ ದಿನವೇ ಗಂಬೂಟನ್ನೂ ಅಟ್ಟದಿಂದ ಇಳಿಸಿ. ಕಾಲು ಹಾಕುವ ಮೊದಲು ತಲೆಕೆಳಗು ಮಾಡಿ ಎರಡು ಸಲ ನೆಲಕ್ಕೆ ಕುಟ್ಟಿ. ವರ್ಷವಿಡೀ ಮೂಲೆಯಲ್ಲಿದ್ದ ಬೂಟಿನೊಳಗೆ ಚೇಳು ಇರಬಹುದು.